ಯುದ್ಧಕಾಲದ ಹೈಸ್ಕೂಲು ಮತ್ತು ಉಪಾಧ್ಯಾಯರು: ಬೆಂಗಳೂರು, 1939–1945

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಬೆಂಗಳೂರಿನಲ್ಲೂ ಮೈಸೂರು ಸಂಸ್ಥಾನದ ಉಳಿದ ಕಡೆಗಳಲ್ಲೂ ಹೈಸ್ಕೂಲುಗಳು ನಡೆದ ಬಗೆ, ಉಪಾಧ್ಯಾಯರು ಪಾಠದ ಆಚೆಗೆ ಹೊರಬೇಕಾಗಿ ಬಂದ ಕೆಲಸಗಳು, 1942ರ ಚಳವಳಿ ಅವರನ್ನು ತಂದು ನಿಲ್ಲಿಸಿದ ಇಕ್ಕಟ್ಟು ಈ ಲೇಖನದ ವಸ್ತು. ಬೆಂಗಳೂರಿನ ಯಾವ ಶಾಲೆಯ ಮೇಲೂ ಬಾಂಬು ಬೀಳಲಿಲ್ಲ. ಆದರೆ ಕಾಗದ, ಸೀಮೆಎಣ್ಣೆ, ಅಕ್ಕಿ, ಚಿಲ್ಲರೆ ಕಾಸು, ಗಡಿಯಾರ ಎಲ್ಲದರ ಮೂಲಕವೂ ಯುದ್ಧ ತರಗತಿಯ ಒಳಗೆ ಬಂತು. ಅದೇ ಹೊತ್ತಿಗೆ ಬೀದಿಯಲ್ಲಿ ಇನ್ನೊಂದು ಹೋರಾಟ ನಡೆಯುತ್ತಿತ್ತು. ಅದಕ್ಕೆ ಹೊರಟವರು ಇದೇ ಶಾಲೆಗಳ ಹುಡುಗರು.

ಶಾಲೆಗಳ ಸ್ವರೂಪ

ಆಗಿನ ಬೆಂಗಳೂರು ಎರಡು ಆಡಳಿತಗಳ ಊರು. ಪೇಟೆಯ ಕಡೆ ಮಹಾರಾಜರ ಸರ್ಕಾರ, ದಂಡಿನ ಕಡೆ ಬ್ರಿಟಿಷ್ ರೆಸಿಡೆಂಟರ ಅಧಿಕಾರ. ಎರಡೂ ಒಂದೇ ಕಾರ್ಪೊರೇಷನ್ನಿಗೆ ಸೇರಿದ್ದು 1949ರಲ್ಲಿ. ದಂಡಿನಲ್ಲಿ ಬಿಷಪ್ ಕಾಟನ್, ಸೇಂಟ್ ಜೋಸೆಫ್ಸ್ ಮೊದಲಾದ ಇಂಗ್ಲಿಷ್ ಶಾಲೆಗಳಿದ್ದವು. ಅಮೆರಿಕದ ಮೆಥಡಿಸ್ಟ್ ಮಿಷನ್ 1880ರಲ್ಲಿ ತೆರೆದ ಬಾಲ್ಡ್ವಿನ್ ಶಾಲೆಗಳೂ ಅಲ್ಲಿಯವೇ. ಪೇಟೆಯ ಕಡೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನಂಥ ಸರ್ಕಾರಿ ಶಾಲೆಗಳು, ಕೋಟೆಯ ಬಳಿಯ ವಾಣಿವಿಲಾಸ ಹೆಣ್ಣುಮಕ್ಕಳ ಶಾಲೆ, ಇವುಗಳ ಜೊತೆಗೆ ಖಾಸಗಿ ಸಂಸ್ಥೆಗಳು ಕಟ್ಟಿದ ಶಾಲೆಗಳು. ಆನಿ ಬೆಸೆಂಟರ ರಾಷ್ಟ್ರೀಯ ಶಿಕ್ಷಣದ ಕರೆಯಿಂದ 1917ರಲ್ಲಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಹುಟ್ಟಿತ್ತು. 1935ರಲ್ಲಿ ಆಚಾರ್ಯ ಪಾಠಶಾಲೆ ಬಂತು. ಸರ್ಕಾರಿ ಶಾಲೆ, ಖಾಸಗಿ ಶಾಲೆ ಎಂಬ ಈ ಭೇದ ಶಾಂತಿಕಾಲದಲ್ಲಿ ಫೀಜಿಗೂ ಕಟ್ಟಡಕ್ಕೂ ಸಂಬಂಧಿಸಿದ್ದು. 1942ರಲ್ಲಿ ಅದು ಮೇಷ್ಟರ ಅನ್ನದ ಪ್ರಶ್ನೆಯಾಯಿತು.

ಶಾಲೆಯ ಸಿಬ್ಬಂದಿಯಲ್ಲಿ ಮೇಲು ಕೀಳಿನ ಲೆಕ್ಕ ಸ್ಪಷ್ಟವಾಗಿತ್ತು. ಮೇಲೆ ಹೆಡ್‌ಮಾಸ್ಟರು, ಅವರ ಕೆಳಗೆ ಇಂಗ್ಲಿಷ್, ಗಣಿತ, ವಿಜ್ಞಾನ, ಚರಿತ್ರೆ ಹೇಳುವ ಪದವೀಧರ ಮೇಷ್ಟರುಗಳು, ಪಂಚೆ, ಕೋಟು, ರುಮಾಲಿನ ಕನ್ನಡ ಪಂಡಿತರು ಮತ್ತು ಸಂಸ್ಕೃತ ಪಂಡಿತರು, ಡ್ರಾಯಿಂಗ್ ಮೇಷ್ಟರು, ಡ್ರಿಲ್ ಮೇಷ್ಟರು. ಪಂಡಿತರ ಸಂಬಳ ಪದವೀಧರರದಕ್ಕಿಂತ ಕಡಿಮೆ. ಹುಡುಗರು ದೊಡ್ಡವರಾದ ಮೇಲೆ ನೆನೆದದ್ದು ಮಾತ್ರ ಹೆಚ್ಚಾಗಿ ಪಂಡಿತರನ್ನೇ. ಹೈಸ್ಕೂಲು ಎಂದರೆ ಎಸ್.ಎಸ್.ಎಲ್.ಸಿ. ಪರೀಕ್ಷೆಯವರೆಗಿನ ಓದು. ಅದನ್ನು ಮುಗಿಸಿದರೆ ಗುಮಾಸ್ತೆಗಿರಿಯ ಬಾಗಿಲು ತೆರೆಯುತ್ತಿತ್ತು.

ಇಂದಿನ ಪಶ್ಚಿಮ ಬೆಂಗಳೂರು ಈ ನಕ್ಷೆಯಲ್ಲಿ ಇರಲೇ ಇಲ್ಲ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳು ಸ್ವಾತಂತ್ರ್ಯದ ನಂತರದ ಬಡಾವಣೆಗಳು. ಮಲ್ಲತ್ತಹಳ್ಳಿ ಆಗ ಕೆರೆ, ಹೊಲ, ರಾಗಿ ಕಣಗಳ ಒಂದು ಹಳ್ಳಿ. ಅಂಥ ಊರಿನ ಹುಡುಗ ಮಿಡ್ಲ್‌ಸ್ಕೂಲು ದಾಟಿ ಓದಬೇಕೆಂದರೆ ಪೇಟೆಗೆ ಬಂದು ನೆಂಟರ ಮನೆಯಲ್ಲೋ, ವಾರಾನ್ನದಲ್ಲೋ, ಜಾತಿ ಸಂಘಗಳ ಇಲ್ಲವೇ ಧರ್ಮಾರ್ಥದ ಹಾಸ್ಟೆಲುಗಳಲ್ಲೋ ನಿಲ್ಲಬೇಕಿತ್ತು. ಯುದ್ಧದ ಪೆಟ್ಟು ಮೊದಲು ಬಿದ್ದದ್ದು ಈ ಹುಡುಗರಿಗೆ.

ಅಭಾವದ ನಡುವೆ ಪಾಠ

1942ರ ಮಾರ್ಚಿನಲ್ಲಿ ರಂಗೂನು ಜಪಾನೀಯರ ವಶವಾಯಿತು. ಬರ್ಮಾದ ಅಕ್ಕಿ ನಿಂತಿತು. ಮುಂದಿನ ವರ್ಷದ ಹೊತ್ತಿಗೆ ರೇಷನ್ ಚೀಟಿ, ಸರದಿ, ಅಳತೆಯ ಅಕ್ಕಿ ದಿನನಿತ್ಯದ ಮಾತಾದವು. ಅಕ್ಕಿ ಸಿಗದ ಆ ದಿನಗಳಲ್ಲಿ ರವೆಯಿಂದ ಇಡ್ಲಿ ಮಾಡುವ ಪ್ರಯೋಗ ನಡೆಸಿದ್ದು ತಾವೇ ಎಂದು ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಹೇಳಿಕೊಂಡು ಬಂದಿದೆ. ಮನೆಯವರಿಗೇ ಅಳೆದು ಹಾಕುವ ಕಾಲದಲ್ಲಿ ವಾರಕ್ಕೊಂದು ದಿನ ಪರರ ಹುಡುಗನಿಗೆ ಎಲೆ ಹಾಕುವುದು ಸುಲಭವಲ್ಲ. ವಾರದ ಒಂದೆರಡು ಮನೆ ತಪ್ಪಿದರೆ ಹುಡುಗ ಆ ದಿನ ಹಸಿದು ಕೂರಬೇಕು, ಇಲ್ಲವೇ ಊರಿಗೆ ಮರಳಬೇಕು. ಅಂಥವನಿಗೆ ಇನ್ನೊಂದು ಮನೆ ಹುಡುಕಿಕೊಡುವುದು, ಹಾಸ್ಟೆಲಿನ ಮೇಲ್ವಿಚಾರಕರಿಗೆ ಚೀಟಿ ಬರೆದುಕೊಡುವುದು, ಫೀಜಿನ ಗಡುವು ಮುಂದಕ್ಕೆ ಹಾಕಿಸುವುದು ಮೇಷ್ಟರ ಪಾಲಿಗೆ ಬರುತ್ತಿದ್ದ ಕೆಲಸ. ಇಲಾಖೆಯ ಯಾವ ಕಡತದಲ್ಲೂ ಇದು ಕರ್ತವ್ಯವೆಂದು ನಮೂದಾಗುವಂಥದ್ದಲ್ಲ. ತುಮಕೂರಿನ ಬಳಿಯ ಸಿದ್ಧಗಂಗಾ ಮಠದ ಹೊಣೆಯನ್ನು ಶಿವಕುಮಾರ ಸ್ವಾಮಿಗಳು ಹೊತ್ತದ್ದು 1941ರಲ್ಲಿ, ಅಂದರೆ ಕಾಳು ಕೂಡಿಸುವುದೇ ಕಷ್ಟವಾದ ಹೊತ್ತಿನಲ್ಲಿ. ಅಲ್ಲಿನ ಉಚಿತ ವಿದ್ಯಾರ್ಥಿನಿಲಯ ಆ ವರ್ಷಗಳನ್ನು ದಾಟಿ ಉಳಿಯಿತು.

ಕಾಗದದ ಕಥೆ ಬೇರೆ. 1942ರಲ್ಲಿ ಭಾರತ ಸರ್ಕಾರ ಕಾಗದ ನಿಯಂತ್ರಣ ಜಾರಿಗೆ ತಂದು ಗಿರಣಿಗಳ ಉತ್ಪನ್ನದ ಬಹುಪಾಲನ್ನು ತನಗೇ ಮೀಸಲಿಟ್ಟುಕೊಂಡಿತು. ಮೈಸೂರಿಗೆ ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ತನ್ನದೇ ಪೇಪರ್ ಮಿಲ್ಲು ಇದ್ದರೂ ಶಾಲೆಯ ಹುಡುಗನಿಗೆ ಸಿಕ್ಕಿದ್ದು ಒರಟು, ಕಂದು ಕಾಗದವೇ. ಮಸಿ ಇಟ್ಟರೆ ಹಿಂದಿನ ಪುಟಕ್ಕೆ ಇಳಿಯುತ್ತಿತ್ತು. ನೋಟ್‌ಬುಕ್ಕಿನ ಅಂಚಿನಲ್ಲೂ ಲೆಕ್ಕ ಬಿಡಿಸಬೇಕು. ಅಣ್ಣ ಓದಿದ ಪುಸ್ತಕ ತಮ್ಮನಿಗೆ, ತಮ್ಮನದು ಪಕ್ಕದ ಮನೆಗೆ. ಮೇಷ್ಟರು ಟಿಪ್ಪಣಿ ಬರೆಸುವುದನ್ನು ಕಡಿಮೆ ಮಾಡಿ ಬಾಯಿಪಾಠಕ್ಕೂ ಕರಿಹಲಗೆಗೂ ಮೊರೆಹೋಗುವುದು ಅನಿವಾರ್ಯ. ಪದ್ಯ ಕಂಠಪಾಠ ಮಾಡಿಸುವ ಪಂಡಿತರಿಗೆ ಇದು ಹೊಸದೇನಲ್ಲ. ವಿಜ್ಞಾನದ ಮೇಷ್ಟರಿಗೆ ಮಾತ್ರ ಕೈಕಟ್ಟಿದ ಹಾಗೆ: ಹೊರದೇಶದಿಂದ ಬರುತ್ತಿದ್ದ ಗಾಜಿನ ಸಾಮಾನು, ರಾಸಾಯನಿಕಗಳು ಬರುವುದು ನಿಂತರೆ ಪ್ರಯೋಗ ನಡೆಯುವುದು ಹಲಗೆಯ ಮೇಲೆ ಮಾತ್ರ.

1942ರ ಸೆಪ್ಟೆಂಬರ್ 1ರಿಂದ ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಲಾಯಿತು. ದೀಪದ ಖರ್ಚು ಉಳಿಸುವುದು ಉದ್ದೇಶ. 1945ರ ಅಕ್ಟೋಬರ್ 15ರವರೆಗೂ ಇದು ನಡೆಯಿತು. ಗಡಿಯಾರ 7 ಎಂದರೆ ಸೂರ್ಯನ ಲೆಕ್ಕದಲ್ಲಿ 6. ಹಳ್ಳಿಯ ಕಡೆಯಿಂದ ನಡೆದು ಬರುವ ಹುಡುಗರು ಕತ್ತಲಲ್ಲೇ ಹೊರಡಬೇಕು. ಸಂಜೆ ಬೆಳಕಿದ್ದಾಗಲೇ ಓದಿ ಮುಗಿಸಬೇಕು, ಏಕೆಂದರೆ ಲಾಂದ್ರಕ್ಕೆ ಸೀಮೆಎಣ್ಣೆ ಇಲ್ಲ. ಚಿಲ್ಲರೆಗೂ ಬರ. ತಾಮ್ರ ಉಳಿಸಲೆಂದು 1943ರಿಂದ ನಡುವೆ ತೂತಿರುವ ಕಾಸು ಟಂಕಿಸಿದರು. ಹುಡುಗರು ಅದನ್ನು ದಾರಕ್ಕೆ ಪೋಣಿಸಿ ಉಡುದಾರಕ್ಕೆ ಕಟ್ಟಿಕೊಳ್ಳಲು ಅನುಕೂಲವಾಗಿತ್ತು ಎನ್ನುವುದನ್ನು ಸರ್ಕಾರ ಯೋಚಿಸಿರಲಾರದು.

ಸಂಬಳ, ತುಟ್ಟಿ, ವಲಸೆ

ಬೆಲೆಗಳು ಏರುತ್ತ ಹೋದವು, ಸಂಬಳ ನಿಂತಲ್ಲೇ ನಿಂತಿತು. ತುಟ್ಟಿಭತ್ಯೆ ಎಂಬ ಏರ್ಪಾಡು ನೌಕರವರ್ಗಕ್ಕೆ ಬಂದದ್ದೇ ಈ ಯುದ್ಧದಲ್ಲಿ. ಸಣ್ಣ ಖಾಸಗಿ ಶಾಲೆಗಳಿಗೆ ಅದನ್ನು ಕೊಡುವ ತಾಕತ್ತು ಸರ್ಕಾರಕ್ಕೆ ಇದ್ದಷ್ಟು ಇರಲಿಲ್ಲ. ಮನೆಪಾಠವೇ ಮೇಷ್ಟರ ಎರಡನೆಯ ಆದಾಯ.

ಇತ್ತ ನಗರದಲ್ಲಿ ಇದುವರೆಗೆ ಕಾಣದಷ್ಟು ಕೆಲಸಗಳು ಹುಟ್ಟಿದವು. 1940ರ ಡಿಸೆಂಬರಿನಲ್ಲಿ ವಾಲ್ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭಿಸಿದರು. 1943ರಲ್ಲಿ ಅದು ಅಮೆರಿಕದ ವಾಯುಸೇನೆಯ ಉಸ್ತುವಾರಿಗೆ ಹೋಗಿ ವಿಮಾನ ದುರಸ್ತಿಯ ದೊಡ್ಡ ಕೇಂದ್ರವಾಯಿತು. ಸೈನ್ಯದ ಕಚೇರಿಗಳು, ಗೋದಾಮುಗಳು, ಆಸ್ಪತ್ರೆಗಳು, ಇಟಲಿಯ ಯುದ್ಧಕೈದಿಗಳ ಶಿಬಿರಗಳು ಎಲ್ಲಕ್ಕೂ ಇಂಗ್ಲಿಷ್ ಬಲ್ಲ, ಲೆಕ್ಕ ಬಲ್ಲ ಜನ ಬೇಕು. ಎಸ್.ಎಸ್.ಎಲ್.ಸಿ. ಮುಗಿಸಿದ ಹುಡುಗ ಫಿಟ್ಟರ್ ಆಗಿ ಸೇರಿದರೆ ಅವನಿಗೆ ಪಾಠ ಹೇಳಿದ ಮೇಷ್ಟರ ಸಂಬಳದ ಹತ್ತಿರಕ್ಕೆ ಬೇಗನೆ ಬರಬಹುದಿತ್ತು. ಹೈಸ್ಕೂಲಿನ ಓದಿಗೆ ಗುಮಾಸ್ತೆಗಿರಿಯೊಂದೇ ಗುರಿಯಲ್ಲ ಎಂಬುದನ್ನು ಬೆಂಗಳೂರಿನ ಮಧ್ಯಮವರ್ಗಕ್ಕೆ ಕಲಿಸಿದ್ದು ಶಿಕ್ಷಣ ಇಲಾಖೆಯ ವರದಿಗಳಲ್ಲ, ಈ ಕಾರ್ಖಾನೆ. 1943ರಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್, ಇಂದಿನ ಎಸ್.ಜೆ. ಪಾಲಿಟೆಕ್ನಿಕ್, ಅದೇ ಬೇಡಿಕೆಯ ಫಲ.

ಹೊರಗಿನ ಕೆಲಸಗಳು

1942ರ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ದಾಳಿ ಮಾಡಿದವು. ಮದರಾಸು ಅರ್ಧಕ್ಕರ್ಧ ಖಾಲಿಯಾಯಿತು. ಅಲ್ಲಿಂದ ಒಳನಾಡಿಗೆ ಹೊರಟ ಸಂಸಾರಗಳಿಗೆ ಬೆಂಗಳೂರು ಹತ್ತಿರದ ಆಸರೆ. ವಿಮಾನದಾಳಿ ಮುನ್ನೆಚ್ಚರಿಕೆಯ ದಳ, ಸೈರನ್ನು, ಕಿಟಕಿಗೆ ಕಪ್ಪು ಕಾಗದ, ಗುಂಡಿ ತೋಡುವ ಕೆಲಸ ಇಲ್ಲೂ ಬಂದವು. ಇದರಿಂದ ಶಾಲೆಯಲ್ಲಿ ತೂಕ ಹೆಚ್ಚಿದ್ದು ಡ್ರಿಲ್ ಮೇಷ್ಟರಿಗೂ ಸ್ಕೌಟ್ ಮೇಷ್ಟರಿಗೂ. ಪ್ರಥಮ ಚಿಕಿತ್ಸೆ, ಸಾಲುಗಟ್ಟಿ ಹೊರಗೆ ನಡೆಯುವುದು, ಬೆಂಕಿ ಆರಿಸುವುದು ಅವರಿಗೆ ಗೊತ್ತಿದ್ದ ವಿದ್ಯೆ. ಯುದ್ಧನಿಧಿಗೆ ಚಂದಾ, ಉಳಿತಾಯದ ಪ್ರಚಾರ ಮುಂತಾದವು ಹೆಡ್‌ಮಾಸ್ಟರರ ಮೇಜಿಗೆ ಸುತ್ತೋಲೆಗಳಾಗಿ ಬಂದವು.

ಇವುಗಳಿಗಿಂತ ಬಾಳಿಕೆ ಬಂದದ್ದು ವಯಸ್ಕರ ಶಿಕ್ಷಣ. 1940ರ ದಶಕದ ಆರಂಭದಲ್ಲಿ ಮೈಸೂರಿನ ವಿದ್ಯಾರ್ಥಿಗಳು, ಅಧ್ಯಾಪಕರು ಹಚ್ಚಿದ ಅಕ್ಷರ ಪ್ರಚಾರ ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿಯಾಗಿ ಬೆಳೆಯಿತು. ಹಗಲು ಹುಡುಗರಿಗೆ, ರಾತ್ರಿ ಅವರ ಅಪ್ಪಂದಿರಿಗೆ ಪಾಠ ಹೇಳುವವರು ಅದೇ ಮೇಷ್ಟರುಗಳು. ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಆರಂಭಿಸಿದ್ದ ಆಕಾಶವಾಣಿಯನ್ನು ಸಂಸ್ಥಾನದ ಸರ್ಕಾರ ವಹಿಸಿಕೊಂಡದ್ದೂ ಯುದ್ಧದ ನಡುವೆ, 1942ರಲ್ಲಿ.

ಅಮೆರಿಕದ ಹೋಲಿಕೆ

ಅಮೆರಿಕದ ಹೈಸ್ಕೂಲು ಮೇಷ್ಟರಿಗೆ ಸರ್ಕಾರ ಯುದ್ಧದ ಪಾತ್ರವನ್ನು ಬಹಿರಂಗವಾಗಿ ವಹಿಸಿತ್ತು. 1942ರ ಮೇ ಮೊದಲ ವಾರ ಸಕ್ಕರೆಯ ರೇಷನ್ ಪುಸ್ತಕ ಹಂಚಿದ್ದು ಅಲ್ಲಿನ ಶಾಲೆಗಳಲ್ಲಿ. ಹೆಸರು, ಎತ್ತರ, ತೂಕ, ಕಣ್ಣಿನ ಬಣ್ಣ ಬರೆದುಕೊಂಡವರು ಉಪಾಧ್ಯಾಯರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ‘ಹೈಸ್ಕೂಲ್ ವಿಕ್ಟರಿ ಕೋರ್’ ಹುಟ್ಟಿತು. ವಾಯು, ನೆಲ, ಕಡಲು, ಉತ್ಪಾದನೆ, ಸಮುದಾಯ ಸೇವೆ ಎಂಬ ಶಾಖೆಗಳಾಗಿ ವಿದ್ಯಾರ್ಥಿಗಳನ್ನು ತಯಾರು ಮಾಡಬೇಕು. ಭೌತಶಾಸ್ತ್ರದ ಮೇಷ್ಟರು ವಿಮಾನ ಹಾರುವ ಬಗೆ ಹೇಳಿದರು. ಗಂಡಸರು ಸೈನ್ಯಕ್ಕೂ ಕಾರ್ಖಾನೆಗೂ ಹೋದದ್ದರಿಂದ, ಮದುವೆಯಾದ ಹೆಂಗಸರಿಗೆ ಕೆಲಸವಿಲ್ಲ ಎಂಬ ನಿಯಮವನ್ನು ಹಲವು ಊರುಗಳು ಕೈಬಿಟ್ಟವು. ಬ್ರಿಟನ್ನಿನಲ್ಲಿ 1939ರ ಸೆಪ್ಟೆಂಬರಿನಿಂದಲೇ ಉಪಾಧ್ಯಾಯರು ಮಕ್ಕಳ ಜೊತೆ ರೈಲು ಹತ್ತಿ ಹಳ್ಳಿಗಳಿಗೆ ಹೋಗಿದ್ದರು.

ಅಮೆರಿಕಕ್ಕೆ ಕಪ್ಪು ಮುಖವೂ ಇತ್ತು. ಜಪಾನೀ ಮೂಲದ ಸುಮಾರು 1,20,000 ಜನರನ್ನು ಮುಳ್ಳುತಂತಿಯ ಶಿಬಿರಗಳಲ್ಲಿ ಕೂಡಿಹಾಕಿ, ಒಳಗೇ ಹೈಸ್ಕೂಲು ನಡೆಸಿದರು. ಹೊರಗಿನಿಂದ ಬಂದ ಉಪಾಧ್ಯಾಯರಿಗೆ ಸರ್ಕಾರಿ ಸಂಬಳ. ಶಿಬಿರದವರೇ ಪಾಠ ಹೇಳಿದರೆ ತಿಂಗಳಿಗೆ ಹೆಚ್ಚೆಂದರೆ 19 ಡಾಲರ್. ಆ ಶಿಬಿರಗಳನ್ನು ಬಿಟ್ಟರೆ, ಅಮೆರಿಕದ ಮೇಷ್ಟರಿಗೆ ಸರ್ಕಾರ ಮತ್ತು ವಿದ್ಯಾರ್ಥಿಗಳು ಒಂದೇ ಪಕ್ಷದಲ್ಲಿದ್ದರು. ಮೈಸೂರಿನ ಮೇಷ್ಟರಿಗೆ ಸಂಬಳ ಒಂದು ಪಕ್ಷದಿಂದ ಬರುತ್ತಿತ್ತು, ತರಗತಿ ಇನ್ನೊಂದು ಪಕ್ಷಕ್ಕೆ ಸೇರಿತ್ತು. ಎರಡು ದೇಶಗಳ ಯುದ್ಧಕಾಲದ ಶಾಲೆಗಳಿಗೆ ಇರುವ ಮುಖ್ಯ ವ್ಯತ್ಯಾಸ ಇದೇ. ಉಳಿದದ್ದೆಲ್ಲ ಸಾಮಾನು ಸರಂಜಾಮಿನ ವ್ಯತ್ಯಾಸ.

1942

ಆಗಸ್ಟ್ 8ರ ರಾತ್ರಿ ಮುಂಬಯಿಯಲ್ಲಿ ‘ಕ್ವಿಟ್ ಇಂಡಿಯಾ’ ನಿರ್ಣಯ, ಮರುದಿನ ಬೆಳಗ್ಗೆ ಗಾಂಧೀಜಿಯ ಬಂಧನ. ಬೆಂಗಳೂರು, ಮೈಸೂರುಗಳಲ್ಲಿ ಕಾಲೇಜು, ಹೈಸ್ಕೂಲುಗಳ ಹುಡುಗರು ತರಗತಿ ಬಿಟ್ಟು ಬೀದಿಗೆ ಬಂದರು. ಲಾಠಿ ಬೀಸಿತು, ಗೋಲಿಬಾರು ನಡೆಯಿತು. ಸತ್ತವರ ಸ್ಮಾರಕ ಬೆಂಗಳೂರಿನ ಮೈಸೂರು ಬ್ಯಾಂಕ್ ಚೌಕದಲ್ಲಿದೆ. ಮಹಾರಾಜ ಕಾಲೇಜಿನ ವಿದ್ಯಾರ್ಥಿ ನಾಯಕ ಎಚ್.ವೈ. ಶಾರದಾಪ್ರಸಾದ್ ಜೈಲು ಸೇರಿದರು. ಮುಂದೆ ಪ್ರಧಾನಿ ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾದವರು ಇವರೇ.

ಸರ್ಕಾರಿ ಶಾಲೆಯ ಉಪಾಧ್ಯಾಯ ಸರ್ಕಾರಿ ನೌಕರ. ರಾಜಕೀಯ ಅವನಿಗೆ ನಿಷಿದ್ಧ. ಗೈರುಹಾಜರಾದವರ ಪಟ್ಟಿ ಮಾಡುವುದು, ಪೋಷಕರಿಗೆ ಪತ್ರ ಬರೆಯುವುದು, ಗೇಟಿನಲ್ಲಿ ನಿಂತು ತಡೆಯುವುದು ಅವನ ಕೆಲಸ. ದಿನವೂ ಕೂಗುವ ಹಾಜರಿಯೇ ಈಗ ಪೊಲೀಸರಿಗೆ ಒದಗುವ ಪುರಾವೆ. ಹೆಸರು ಕೂಗಿ, ತಲೆ ಎತ್ತದೆ, ಎಲ್ಲರಿಗೂ ‘ಹಾಜರು’ ಎಂದು ಗುರುತು ಹಾಕುವ ಮೇಷ್ಟರಿಗೆ ಅದು ಬರಿಯ ಔದಾರ್ಯವಲ್ಲ, ನೌಕರಿಯನ್ನು ಪಣಕ್ಕಿಡುವ ಕೆಲಸ. ಕೆಲಸ ಹೋದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಕರ್ನಾಟಕದಲ್ಲಿ ಉದಾಹರಣೆ ಇತ್ತು. ಧಾರವಾಡದಲ್ಲಿ ಮೇಷ್ಟರಾಗಿದ್ದ ದ.ರಾ. ಬೇಂದ್ರೆ ‘ನರಬಲಿ’ ಕವಿತೆಗಾಗಿ 1932ರಲ್ಲಿ ಬಂಧನಕ್ಕೊಳಗಾಗಿ, ಆ ಮೇಲೆ ಸ್ಥಿರವಾದ ನೌಕರಿಯಿಲ್ಲದೆ ವರ್ಷಗಟ್ಟಲೆ ಅಲೆದಿದ್ದರು. ಸೊಲ್ಲಾಪುರದ ಕಾಲೇಜು ಅವರನ್ನು ಕರೆದದ್ದು 1944ರಲ್ಲಿ. ಆದ್ದರಿಂದ 1942ರಲ್ಲಿ ಸುಮ್ಮನಿದ್ದ ಸಾವಿರಾರು ಮೇಷ್ಟರನ್ನು ಹೇಡಿಗಳೆಂದು ಕರೆಯುವುದು ಅನ್ಯಾಯ.

ಸುಮ್ಮನಿರದವರಲ್ಲಿ ಎದ್ದು ಕಾಣುವ ಹೆಸರು ಎಚ್.ಎಸ್. ದೊರೆಸ್ವಾಮಿ. ಹಾರೋಹಳ್ಳಿಯಲ್ಲಿ 1918ರ ಏಪ್ರಿಲ್ 10ರಂದು ಹುಟ್ಟಿ, ಶಾನುಭೋಗರಾಗಿದ್ದ ಅಜ್ಜನ ಆಶ್ರಯದಲ್ಲಿ ಬೆಳೆದವರು. ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್‌ಸಿ. ಮುಗಿಸಿ 1942ರ ಜೂನಿನಲ್ಲಿ ಬೆಂಗಳೂರಿನ ಹೈಸ್ಕೂಲೊಂದಕ್ಕೆ ಗಣಿತ, ಭೌತಶಾಸ್ತ್ರದ ಮೇಷ್ಟರಾಗಿ ಸೇರಿದರು. ಸೇರಿ ಎರಡು ತಿಂಗಳಿಗೆ ಚಳವಳಿ ಬಂತು. ಸರ್ಕಾರದ ಪತ್ರವ್ಯವಹಾರ ತಡೆಯಲು ಅಂಚೆಪೆಟ್ಟಿಗೆಗಳಲ್ಲಿ, ದಾಖಲೆ ಕೋಣೆಗಳಲ್ಲಿ ಸಣ್ಣ ಟೈಂಬಾಂಬು ಇಡುವ ಗುಂಪಿನಲ್ಲಿ ಅವರಿದ್ದರು. ಮನುಷ್ಯರಿಗೆ ಅಪಾಯವಾಗದಂತೆ, ಕಾಗದ ಮಾತ್ರ ಸುಡುವಂತೆ ಲೆಕ್ಕ ಹಾಕಿದ ಬಾಂಬುಗಳವು. ರಾಜಾ ಮಿಲ್, ಮಿನರ್ವ ಮಿಲ್, ಬಿನ್ನಿ ಮಿಲ್ ಕಾರ್ಮಿಕರ ಮುಷ್ಕರಕ್ಕೂ ಓಡಾಡಿದರು. ನಗರದ ಪಶ್ಚಿಮ ಅಂಚಿನಲ್ಲಿದ್ದ ಈ ಗಿರಣಿಗಳ ಪಾಳಿಯ ಸೈರನ್ನೇ ಮಾಗಡಿ ರಸ್ತೆಯ ಕಡೆಯ ಹಳ್ಳಿಗಳಿಗೆ ಗಡಿಯಾರ. ಡಿಸೆಂಬರಿನಲ್ಲಿ ಬಂಧನ, ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ 14 ತಿಂಗಳು. ಆ ಜೈಲೇ ಇಂದಿನ ಫ್ರೀಡಂ ಪಾರ್ಕ್. ಬಿಡುಗಡೆಯಾದ ಮೇಲೆ ಮೈಸೂರಿನಲ್ಲಿ ಸಾಹಿತ್ಯ ಮಂದಿರ ಎಂಬ ಪ್ರಕಾಶನ ನಡೆಸಿ, 1947ರಲ್ಲಿ ‘ಪೌರವಾಣಿ’ ಪತ್ರಿಕೆಯ ಮೂಲಕ ಜವಾಬ್ದಾರಿ ಸರ್ಕಾರದ ಹೋರಾಟಕ್ಕೆ ಇಳಿದರು. 2021ರ ಮೇ 26ರಂದು ತೀರಿಕೊಂಡಾಗ ವಯಸ್ಸು 103.

ಇನ್ನೊಂದು ದಾರಿ ನ್ಯಾಷನಲ್ ಹೈಸ್ಕೂಲಿನದು. ಹೆಡ್‌ಮಾಸ್ಟರ್ ಕೆ. ಸಂಪತ್‌ಗಿರಿ ರಾವ್ ಶಾಲೆಯನ್ನು ಗಾಂಧಿಯುಗದ ಸರಳತೆಯಲ್ಲಿ ನಡೆಸಿದರು. ಗಾಂಧೀಜಿ 1936ರಲ್ಲಿ ಅಲ್ಲಿಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದವನು ಒಬ್ಬ ವಿದ್ಯಾರ್ಥಿ. ಆ ವಿದ್ಯಾರ್ಥಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಎಚ್. ನರಸಿಂಹಯ್ಯ, ಊರಿನಿಂದ ನಡೆದೇ ಬೆಂಗಳೂರಿಗೆ ಬಂದು ಬಡ ಹುಡುಗರ ಹಾಸ್ಟೆಲಿನಲ್ಲಿ ಉಳಿದವರು. 1942ರಲ್ಲಿ ಸೆಂಟ್ರಲ್ ಕಾಲೇಜಿನ ಆನರ್ಸ್ ಓದು ಬಿಟ್ಟು ಜೈಲಿಗೆ ಹೋದರು; ಬೆಂಗಳೂರು, ಮೈಸೂರು, ಯರವಡ ಜೈಲುಗಳನ್ನು ಕಂಡರು. ಮರಳಿ ಓದಿ 1946ರಲ್ಲಿ ನ್ಯಾಷನಲ್ ಕಾಲೇಜಿಗೆ ಅಧ್ಯಾಪಕರಾಗಿ ಸೇರಿದರು. ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ 1947ರ ‘ಮೈಸೂರು ಚಲೋ’ ಚಳವಳಿಯಲ್ಲಿ ಮತ್ತೆ ಜೈಲು, ಈ ಸಲ ಮೇಷ್ಟರಾಗಿ. ಜೈಲಿಗೆ ಹೋಗಿ ಬಂದವನನ್ನು ತರಗತಿಗೆ ಸೇರಿಸಿಕೊಳ್ಳುವ ಸ್ವಾತಂತ್ರ್ಯ ಖಾಸಗಿ ಸಂಸ್ಥೆಗಿತ್ತು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಹಳ್ಳಿಗಳಲ್ಲಿ ಚಳವಳಿ ಇನ್ನೂ ಬಿರುಸಾಗಿತ್ತು. ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ಸ್ವತಂತ್ರವೆಂದು ಘೋಷಿಸಿಕೊಂಡು ಹುಡುಗರನ್ನೇ ಅಮಲ್ದಾರ, ಇನ್‌ಸ್ಪೆಕ್ಟರ್ ಮಾಡಿತು. 1943ರ ಮಾರ್ಚಿನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಹುಬ್ಬಳ್ಳಿಯಲ್ಲಿ ಶಾಲಾ ಬಾಲಕ ನಾರಾಯಣ ದೋನಿ ಗುಂಡಿಗೆ ಬಲಿಯಾದ. ಕಾಸರಗೋಡಿನ ಕಡೆ ಕವಿ ಕಯ್ಯಾರ ಕಿಞ್ಞಣ್ಣ ರೈ ಮೇಷ್ಟರ ವೃತ್ತಿಯನ್ನೂ ರಾಷ್ಟ್ರೀಯ ಹೋರಾಟವನ್ನೂ ಒಟ್ಟಿಗೆ ನಡೆಸಿದರು. 1969ರಲ್ಲಿ ಅವರಿಗೆ ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ ಬಂತು.

ಮಲ್ಲತ್ತಹಳ್ಳಿಯ ಕಡೆ

1942ರ ಆ ತಲೆಮಾರು ಮುಂದೆ ಮಲ್ಲತ್ತಹಳ್ಳಿಯ ದಿಕ್ಕಿಗೆ ಬಂತು. ಜೈಲು ಕಂಡ ನರಸಿಂಹಯ್ಯನವರು 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಮಲ್ಲತ್ತಹಳ್ಳಿಗೆ ಹೊಂದಿಕೊಂಡ ಜ್ಞಾನಭಾರತಿ ಆವರಣ ಬೆಳೆದದ್ದು ಅವರ ಕಾಲದಲ್ಲಿ. ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸಲು 1976ರಲ್ಲಿ ಅವರು ನೇಮಿಸಿದ ಸಮಿತಿ ದೇಶದ ಗಮನ ಸೆಳೆಯಿತು. ಶಾಲಾ ಮೇಷ್ಟರ ಮಗನಾಗಿ 1926ರಲ್ಲಿ ಹುಟ್ಟಿ, ಯುದ್ಧದ ವರ್ಷಗಳಲ್ಲಿ ವಿದ್ಯಾರ್ಥಿಯಾಗಿದ್ದ ಜಿ.ಎಸ್. ಶಿವರುದ್ರಪ್ಪ ಇದೇ ವಿಶ್ವವಿದ್ಯಾಲಯದ ಕನ್ನಡ ವಿಭಾಗವನ್ನು ಕಟ್ಟಿದರು. 2013ರ ಡಿಸೆಂಬರಿನಲ್ಲಿ ಅವರ ಅಂತ್ಯಸಂಸ್ಕಾರ ನಡೆದದ್ದು ಇಲ್ಲಿನ ಕಲಾಗ್ರಾಮದಲ್ಲಿ. ಒಂದು ಕಾಲಕ್ಕೆ ಹೈಸ್ಕೂಲಿಗಾಗಿ ಪೇಟೆಗೆ ಹೋಗಬೇಕಿದ್ದ ಊರಿನಲ್ಲಿ ಈಗ ಡಾ. ಅಂಬೇಡ್ಕರ್ ತಾಂತ್ರಿಕ ವಿದ್ಯಾಲಯವಿದೆ.

ಯುದ್ಧಾನಂತರ

ಯುದ್ಧ ಮುಗಿದ 1945ರಲ್ಲೇ ನ್ಯಾಷನಲ್ ಕಾಲೇಜು ಆರಂಭವಾಗಿ ಸಂಪತ್‌ಗಿರಿ ರಾವ್ ಅದರ ಮೊದಲ ಪ್ರಿನ್ಸಿಪಾಲರಾದರು. ಶಾಲೆಗೂ ಸೈನ್ಯಕ್ಕೂ ನಂಟು ಕಲ್ಪಿಸುವ ಕೆಲಸ ಸ್ವತಂತ್ರ ಭಾರತದಲ್ಲಿ ಎನ್.ಸಿ.ಸಿ.ಗೆ ಬಂತು. ಅದರ ಕಾಯಿದೆ 1948ರದು. ಶಾಲೆಯ ಮೇಷ್ಟರುಗಳೇ ತರಬೇತಿ ಪಡೆದು, ಸಮವಸ್ತ್ರ ತೊಟ್ಟು ಅದರ ಅಧಿಕಾರಿಗಳಾದರು. ಈ ಬಾರಿ ಸರ್ಕಾರ, ಸಂಬಳ, ತರಗತಿ ಮೂರೂ ಒಂದೇ ಕಡೆ ಇದ್ದವು. ಚೀನಾ ಯುದ್ಧದ ನಂತರ 1963ರಲ್ಲಿ ಕಾಲೇಜುಗಳಲ್ಲಿ ಎನ್.ಸಿ.ಸಿ. ಕಡ್ಡಾಯವಾಯಿತು; 1968ರಲ್ಲಿ ಮತ್ತೆ ಐಚ್ಛಿಕವಾಯಿತು.